ಮೆಮೊರಿ ಕಾರ್ಡಿನ ಸಾಮರ್ಥ್ಯಕ್ಕೂ ತಪಾಸಣೆ ಬೇಕು

ಮಾನ್ಯ ಸಂಪಾದಕರೇ,

‘512 ಜಿಬಿ’, ‘1 ಟಿಬಿ’ ಎಂದು ಮುದ್ರಿಸಿದ ಮೈಕ್ರೊ ಎಸ್‌ಡಿ ಕಾರ್ಡುಗಳು ಫುಟ್‌ಪಾತ್‌ ಅಂಗಡಿಗಳಲ್ಲೂ ಆನ್‌ಲೈನ್ ತಾಣಗಳಲ್ಲೂ ನಂಬಲಾಗದಷ್ಟು ಅಗ್ಗಕ್ಕೆ ಸಿಗುತ್ತಿದ್ದು, ಇವುಗಳಲ್ಲಿ ನಕಲಿಯವು ಸಾಕಷ್ಟಿವೆ. ಒಳಗಿರುವ ಫ್ಲ್ಯಾಶ್ ಚಿಪ್ 8 ಅಥವಾ 16 ಜಿಬಿಯದ್ದೇ ಆಗಿದ್ದರೂ, ಕಾರ್ಡನ್ನು ನಿಯಂತ್ರಿಸುವ ಚಿಪ್ಪಾದ ಕಂಟ್ರೋಲರ್‌ನ ತಂತ್ರಾಂಶವನ್ನು ತಿದ್ದಿ, ಫೋನು, ಕಂಪ್ಯೂಟರುಗಳಿಗೆ ಸುಳ್ಳು ಸಾಮರ್ಥ್ಯ ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೂ ಅಂಥ ಕಾರ್ಡು ತುಂಬಿತೆಂದು ಹೇಳುವುದಿಲ್ಲ. ಮುಂದೆ ಬಂದದ್ದನ್ನು ಹಳೆಯದರ ಮೇಲೆ ಬರೆಯುತ್ತದೆ, ಇಲ್ಲವೇ ಎಲ್ಲಿಯೂ ಬರೆಯದೆ ಬಿಡುತ್ತದೆ.

ನಮ್ಮ ಸ್ಟುಡಿಯೊಗೆ ಇಂಥ ಕಾರ್ಡುಗಳು ಆಗಾಗ ಬರುತ್ತವೆ. ಫೈಲುಗಳ ಹೆಸರು, ದಿನಾಂಕ, ಗಾತ್ರ ಎಲ್ಲವೂ ಸರಿಯಾಗಿ ಕಾಣುತ್ತವೆ, ಆದರೆ ತೆರೆದಾಗ ಫೋಟೊದ ಮೇಲ್ಭಾಗ ಮಾತ್ರ ಮೂಡಿ ಉಳಿದದ್ದೆಲ್ಲ ಬೂದು ಬಣ್ಣವಾಗಿರುತ್ತದೆ. ಇತ್ತೀಚೆಗೆ ಒಬ್ಬ ತಾಯಿ ಮಗುವಿನ ನಾಮಕರಣದ ವಿಡಿಯೊ ಇದ್ದ ಕಾರ್ಡನ್ನು ತಂದಿದ್ದರು. ಕಾರ್ಡಿನಲ್ಲಿ ದಾಖಲಾಗದೇ ಹೋದದ್ದನ್ನು ಯಾವ ರಿಕವರಿ ತಂತ್ರಾಂಶವೂ ಮರಳಿ ತರಲಾರದು ಎಂದು ಅವರಿಗೆ ತಿಳಿಸುವುದು ನನಗೆ ತುಂಬ ಕಷ್ಟವಾಯಿತು.

ಅಸಲಿ 128 ಜಿಬಿ ಕಾರ್ಡನ್ನು ವಿಂಡೋಸ್ 119 ಜಿಬಿ ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಲೆಕ್ಕ ಹಿಡಿದರೆ, ವಿಂಡೋಸ್ ಸುಮಾರು 107 ಕೋಟಿ ಹಿಡಿಯುತ್ತದೆ, ವ್ಯತ್ಯಾಸ ಅಷ್ಟೇ. ನಕಲಿಯನ್ನು ಪತ್ತೆ ಮಾಡಲು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮರಳಿ ಓದಿ ತಾಳೆ ನೋಡಬೇಕು. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ಉಚಿತ ತಂತ್ರಾಂಶಗಳು ಇದನ್ನೇ ಮಾಡುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತದೆ ನಿಜ, ಆದರೂ ಸಮಾರಂಭಕ್ಕೆ ಒಯ್ಯುವ ಮುನ್ನ ಇದನ್ನು ಮಾಡಲೇಬೇಕು.

ಇಷ್ಟಾಗಿಯೂ ಪರೀಕ್ಷೆಯ ಹೊಣೆಯನ್ನು ಕೊಳ್ಳುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ತಕ್ಕಡಿ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತುವ, ಪೆಟ್ರೋಲ್ ಬಂಕಿನ ಅಳತೆ ಪರಿಶೀಲಿಸುವ ವ್ಯವಸ್ಥೆ ನಮ್ಮಲ್ಲಿರುವಾಗ, 512 ಎಂದು ಬರೆದು 16 ಕೊಡುವ ಸರಕು ಯಾವ ತಪಾಸಣೆಯೂ ಇಲ್ಲದೆ ಮಾರಾಟವಾಗುವುದೇಕೆ? ತೂಕ, ಅಳತೆಗಳನ್ನು ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಯು ಗ್ರಾಹಕ ವ್ಯವಹಾರಗಳ ಇಲಾಖೆಯೊಡನೆ ಸೇರಿ, ಅಂಗಡಿಗಳಿಂದಲೂ ಆನ್‌ಲೈನ್ ಮಾರಾಟಗಾರರಿಂದಲೂ ಮಾದರಿಗಳನ್ನು ಕೊಂಡು ಪರೀಕ್ಷಿಸಿ, ಸಿಕ್ಕಿಬಿದ್ದವರ ಹೆಸರನ್ನು ಪ್ರಕಟಿಸಬೇಕು. ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಲ್ಲಿಲ್ಲದೆ ದೂರು ನಿಲ್ಲುವುದು ಕಷ್ಟವಾದ್ದರಿಂದ, ಎಷ್ಟೇ ಚಿಕ್ಕ ಕಾರ್ಡಾದರೂ ಬಿಲ್ಲನ್ನು ಕೇಳಿ ಪಡೆಯಬೇಕೆಂದು ಓದುಗರಲ್ಲಿ ವಿನಂತಿ.

– ಒಬ್ಬ ಸ್ಟುಡಿಯೊ ಛಾಯಾಗ್ರಾಹಕ, ಹಾಸನ