ಬ್ಲ್ಯಾಕ್‌ರೀಚ್‌ಗೆ ಇಳಿಯುವ ಮುಂಚೆ ಇದನ್ನೊಮ್ಮೆ ಓದಿ

ದುರ್ಗದ ಗೆಳೆಯರೇ, ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಸ್ಕೈರಿಮ್ ವಿಡಿಯೊ ಗೇಮ್, ಒಂದೇ ಸಿಸ್ಟಮ್, ಸರದಿ ಮೇಲೆ ಆಟ. ಈ ಸಲ ಬ್ಲ್ಯಾಕ್‌ರೀಚ್, ಅಂದರೆ ಆಟದೊಳಗೆ ನೆಲದಡಿ ಇರುವ ಪಾಳು ನಗರ. ಕಥೆ ಗೊತ್ತಿಲ್ಲದೆ ಹೋದರೆ ಅದು ಸುಮ್ನೆ ಹೊಳೆಯುವ ಅಣಬೆಗಳ ಗುಹೆ ಅನಿಸಿಬಿಡುತ್ತದೆ.

ಕಟ್ಟಿದವರು ಡ್ವೆಮರ್‌ಗಳು. ಕುಳ್ಳರು ಅಂತ ಕರೆಯುತ್ತಾರೆ, ಆದರೆ ಅವರೂ ಎಲ್ಫ್‌ಗಳೇ (ಕಥೆಗಳಲ್ಲಿ ಬರುವ ಚೂಪು ಕಿವಿಯ ಜನ). ಹಬೆಯಲ್ಲಿ ಓಡುವ ಯಂತ್ರ ಮಾಡುವುದರಲ್ಲಿ ಎತ್ತಿದ ಕೈ. ನಾರ್ಡ್‌ ಅನ್ನೋ ಮನುಷ್ಯ ಕುಲದವರ ಕೈಯಲ್ಲಿ ಸೋತ ಹಿಮದ ಎಲ್ಫ್‌ಗಳು ಇವರ ಹತ್ತಿರ ಆಶ್ರಯ ಕೇಳಿಕೊಂಡು ಬಂದರು, ಇವರು ಜಾಗ ಕೊಟ್ಟರು, ಆದರೆ ವಿಷದ ಅಣಬೆ ತಿನ್ನಬೇಕು ಅನ್ನೋ ಷರತ್ತು ಹಾಕಿ ಕಣ್ಣು ಕಿತ್ತುಕೊಂಡು, ಆಮೇಲೆ ತಲೆಮಾರುಗಟ್ಟಲೆ ಜೀತಕ್ಕೆ ಇಟ್ಟುಕೊಂಡರು. ಕತ್ತಲಲ್ಲಿ ನಿಮ್ಮ ಮೇಲೆ ಎರಗುವ ಕುರುಡು ಫಾಲ್ಮರ್‌ಗಳು ಅವರ ಸಂತತಿಯೇ. ನನಗಂತೂ ಅವರನ್ನು ಹೊಡೆಯುವಾಗ ಅಯ್ಯೋ ಪಾಪ ಅನಿಸುತ್ತದೆ.

ಕೊನೆಗೆ ಫಾಲ್ಮರ್‌ಗಳು ತಿರುಗಿಬಿದ್ದರು, ನೆಲದಡಿಯಲ್ಲೇ ದಶಕಗಟ್ಟಲೆ ಯುದ್ಧ ನಡೆಯಿತು. ಆಟದ ಕಾಲಗಣನೆಯಲ್ಲಿ ಮೊದಲ ಯುಗದ 700ನೇ ವರ್ಷ ಡ್ವೆಮರ್‌ಗಳು ಇದ್ದಕ್ಕಿದ್ದಂತೆ ಮಾಯ. ಒಬ್ಬರಲ್ಲ ಇಬ್ಬರಲ್ಲ, ಬಹುತೇಕ ಇಡೀ ಕುಲ. ಯಂತ್ರಗಳು ಮಾತ್ರ ಇನ್ನೂ ಕಾವಲು ಕಾಯುತ್ತಿವೆ.

ಕೆಳಗೆ ಇಳಿದ ಮೇಲೆ ಸಿಂಡೆರಿಯನ್ ಅನ್ನೋ ರಸವಾದಿಯ ಪ್ರಯೋಗಶಾಲೆ ನೋಡಿ. ಅವನ ಅಸ್ಥಿಪಂಜರ ಅಲ್ಲೇ ಇದೆ, ದಿನಚರಿಯೂ ಇದೆ. ಓದದೆ ಮುಂದೆ ಓಡಬೇಡಿ. ಅಲ್ಲಿ ಶುರುವಾಗುವ ಕ್ವೆಸ್ಟ್ ಮುಗಿಸೋಕೆ ಕೆಂಪು ನಿರ್ನ್‌ರೂಟ್ ಅನ್ನೋ ಗಿಡ 30 ಬೇಕು, ಗಿಡದ ಹತ್ತಿರ ಹೋದರೆ ಗುಂಯ್ ಅಂತ ಸದ್ದು ಕೇಳುತ್ತದೆ, ಆದ್ದರಿಂದ ಆಟದ ವೇಳೆ ಹರಟೆ ಕಡಿಮೆ ಮಾಡಿ.

ಮಧ್ಯದಲ್ಲಿ ನೇತಾಡುವ ದೊಡ್ಡ ದೀಪದ ಗೋಳಕ್ಕೆ ಯಾರೂ ಕೂಗು (ಆಟದ ಪಾತ್ರ ಬಳಸುವ ಮಾಂತ್ರಿಕ ‘ಶೌಟ್’) ಹಾಕಬೇಡಿ, ಡ್ರ್ಯಾಗನ್ ಬರುತ್ತದೆ. ಹಾಕಲೇಬೇಕು ಅಂದರೆ ಮೊದಲು ಸೇವ್ ಮಾಡಿ. ಮಂಡಕ್ಕಿ ಮೆಣಸಿನಕಾಯಿ ತರುವವರು ಇಲ್ಲೇ ಹೆಸರು ಹಾಕಿ.