ಜೂನ್ 1ರಂದು ಹುಟ್ಟಿದವರು ಜನವರಿ 6ಕ್ಕೆ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ಹಿರಿಯರಲ್ಲಿ ಬಹಳ ಮಂದಿಯ ಜನ್ಮದಿನಾಂಕ ಜೂನ್ 1. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದಾಗ, ಮಕ್ಕಳನ್ನು ಶಾಲೆಗೆ ಹಚ್ಚುವ ಹೊತ್ತಿನಲ್ಲಿ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡ ತಾರೀಖು ಅದು. ಜಮಖಂಡಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ನಾನು ಕಳೆದ ವರ್ಷ ಸದಸ್ಯರ ಪಟ್ಟಿಯನ್ನು ಹೊಸ ತಂತ್ರಾಂಶಕ್ಕೆ ಏರಿಸಿದಾಗ, ಇವರೆಲ್ಲರೂ ಜನವರಿ 6ರಂದು ಹುಟ್ಟಿದವರಾಗಿಬಿಟ್ಟರು. 01/06/1965 ಎಂಬುದನ್ನು ಆ ತಂತ್ರಾಂಶ ಅಮೆರಿಕದ ರೂಢಿಯಂತೆ ಮೊದಲು ತಿಂಗಳು, ಆಮೇಲೆ ದಿನ ಎಂದು ಓದಿಕೊಂಡಿತ್ತು. ಹೀಗಾಗಿ ಹಿರಿಯ ನಾಗರಿಕರ ಹೆಚ್ಚುವರಿ ಬಡ್ಡಿ ಕೆಲವರ ಮುದ್ದತಿ ಠೇವಣಿಗೆ ಸುಮಾರು ಐದು ತಿಂಗಳು ಮೊದಲೇ ಹತ್ತಿತು. ಅದನ್ನು ತಿದ್ದಿದ ದಿನ ಕೊಟ್ಟದ್ದನ್ನು ಕಸಿದುಕೊಂಡವನೆಂದು ಬೈಸಿಕೊಂಡವನು ನಾನು.

ಎಲ್ಲ ತಾರೀಖುಗಳೂ ಕೆಟ್ಟಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಆದರೆ ತಿಂಗಳುಗಳು ಹನ್ನೆರಡೇ ಇರುವುದರಿಂದ ಪ್ರತಿ ತಿಂಗಳ ಮೊದಲ 12 ದಿನಗಳು ಮಾತ್ರ ಹೀಗೆ ಅದಲುಬದಲಾಗುತ್ತವೆ. ದಿನ ಮತ್ತು ತಿಂಗಳ ಅಂಕಿ ಒಂದೇ ಆಗಿರುವ 12 ತಾರೀಖುಗಳನ್ನು ಬಿಟ್ಟರೆ ವರ್ಷದಲ್ಲಿ ಅಂಥವು 132. ಉಳಿದವುಗಳ ವಿಷಯದಲ್ಲಿ ಒಂದೊಂದು ತಂತ್ರಾಂಶದ್ದು ಒಂದೊಂದು ದಾರಿ. ಕಂಪ್ಯೂಟರಿನಲ್ಲಿ ಅಮೆರಿಕದ ಪ್ರಾದೇಶಿಕ ಸೆಟ್ಟಿಂಗ್ ಇದ್ದರೆ ಎಕ್ಸೆಲ್ 25/06 ಅನ್ನು ತಾರೀಖೆಂದೇ ಒಪ್ಪದೆ, ಬರಿಯ ಅಕ್ಷರವೆಂದು ಬಗೆದು ಕೋಶದ ಎಡಕ್ಕೆ ಬಿಡುತ್ತದೆ. ಎಡಕ್ಕೆ ಉಳಿದವು ಕಣ್ಣಿಗೆ ಬೀಳುತ್ತವೆ, ಆದರೆ ಕೆಟ್ಟಿರುವುದು ತಾರೀಖೆಂದು ಒಪ್ಪಿಗೆಯಾಗಿ ಬಲಕ್ಕೆ ಸರಿದು ಸಭ್ಯವಾಗಿ ಕುಳಿತವು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬಳಸುವ ಡೇಟ್‌ಯುಟಿಲ್ ಎಂಬ ಸಲಕರಣೆಯದು ಇನ್ನೂ ಅಪಾಯದ ಔದಾರ್ಯ: ಬೇರೆ ಸೂಚನೆ ಕೊಡದಿದ್ದರೆ ಅದು 01/06 ಅನ್ನು ಜನವರಿ 6 ಎಂದೂ, 25/06 ಅನ್ನು ತಾನೇ ತಿರುಗಿಸಿ ಜೂನ್ 25 ಎಂದೂ ಓದುತ್ತದೆ. ಒಂದೇ ಪಟ್ಟಿ, ಒಂದೇ ಕೈಬರಹ, ಸಾಲಿಗೊಂದು ಅರ್ಥ. (ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುವ ನಮ್ಮ ಹಳೆಯ ಚಾಳಿಯೂ ಕಡಿಮೆಯದಲ್ಲ, ಅದೇ ಪೈಥಾನ್‌ನ ಸಾಮಾನ್ಯ ನಿಯಮದಂತೆ 65 ಎಂದರೆ 2065.)

ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 1965-06-01 ಎಂದು ಬರೆಯುವ ಐಎಸ್‌ಒ 8601 ಮಾನಕ 1988ರಿಂದಲೇ ಇದೆ, ಮತ್ತು ತಂತ್ರಾಂಶ ತನ್ನೊಳಗೆ ತಾರೀಖನ್ನು ಹೀಗೆಯೇ ಇಟ್ಟುಕೊಳ್ಳಲಿ. ಹಾಗೆಂದು ಸದಸ್ಯರೂ ಹೀಗೆ ಬರೆಯಬೇಕೆಂದು ಹಟ ಹಿಡಿಯುವುದು ಸಲ್ಲದು. ಅರ್ಜಿಯಲ್ಲಿ ತಿಂಗಳನ್ನು ಹೆಸರಿನಿಂದ ಆರಿಸಲು ಬಿಟ್ಟು, ತುಂಬಿದ ಮೇಲೆ ‘1 ಜೂನ್ 1965, ಸರಿಯೇ?’ ಎಂದು ಕನ್ನಡದಲ್ಲಿ ತಿರುಗಿ ಕೇಳಿದರೆ ಓದು ಬಾರದವರೂ ಪಕ್ಕದವರಿಂದ ಓದಿಸಿಕೊಂಡು ಹೂಂ ಎಂದಾರು. ಪಟ್ಟಿಯನ್ನು ಒಟ್ಟಾಗಿ ಏರಿಸುವಾಗ ತಾರೀಖಿನ ಕ್ರಮ ಯಾವುದೆಂದು ಇಡೀ ಕಡತಕ್ಕೆ ಒಮ್ಮೆ ಕೇಳಬೇಕು; ಆ ಕ್ರಮಕ್ಕೆ ಹೊಂದದ ಒಂದೇ ಒಂದು ಸಾಲು ಸಿಕ್ಕರೂ ಅದೊಂದನ್ನು ಸರಿಪಡಿಸಿ ಮುಂದೆ ಹೋಗದೆ, ಇಡೀ ಕಡತವನ್ನು ತಡೆದು ನಿಲ್ಲಿಸಬೇಕು. ಏಕೆಂದರೆ ಹೊಂದದ ಆ ಸಾಲೇ ಉಳಿದ ಸಾಲುಗಳ ಮೇಲಿನ ಸಾಕ್ಷಿ.

ನಮಗೆ ತಂತ್ರಾಂಶ ಮಾರಲು ಬಂದವರು ನಮ್ಮ ಕಣ್ಣೆದುರೇ 25/12 ಎಂದು ತುಂಬಿ ಎಲ್ಲ ಸರಿಯಿದೆ ಎಂದು ತೋರಿಸಿದ್ದರು. ಬಾಗಲಕೋಟೆ ಜಿಲ್ಲೆಯ ಉಳಿದ ಸಂಘಗಳವರು ಹಣ ಪಾವತಿಸುವ ಮೊದಲು 01/06 ಎಂದು ತುಂಬಿಸಿ ನೋಡಬೇಕೆಂದು ವಿನಂತಿ.

– ಸಹಕಾರಿ ಸಂಘವೊಂದರ ಲೆಕ್ಕಿಗ, ಜಮಖಂಡಿ