ಬಕೆಟ್ಟಲ್ಲಿ ಕಾಲಿಟ್ಕೊಂಡು ಓದಿದ ಮಗಳಿಗೆ

ಪುಟ್ಟಿ,

ಆಸ್ಪತ್ರೆಯಿಂದ ರೂಮಿಗೆ ಬಂದಿದೀಯ ಅಂತ ನಿನ್ನ ರೂಮ್‌ಮೇಟ್ ಹುಡುಗಿ ಮೆಸೇಜ್ ಮಾಡಿದ್ಲು. ನೀನು ಮಾಡ್ಲಿಲ್ಲ. ಇರ್ಲಿ. ಮೊನ್ನೆ ಫೋನಲ್ಲಿ ಏನೇನು ಮಾತಾಯ್ತು ಅಂತ ಮತ್ತೆ ಬರೆಯೋಕೆ ಹೋಗಲ್ಲ, ಇಬ್ರಿಗೂ ನೆನಪಿದೆ. ಗಂಟಲು ಏರಿಸಿದ್ದಕ್ಕೆ ನಂಗೆ ಬೇಜಾರಿದೆ, ಹೇಳಿದ ವಿಷಯಕ್ಕೆ ಇಲ್ಲ. ಫೋನಾದ್ರೆ ನೀನು ಕಟ್ ಮಾಡ್ತೀಯ, ಅದಕ್ಕೆ ಬರೀತಿದೀನಿ, ಪೂರ್ತಿ ಓದು ಇಲ್ಲಾ ಅರ್ಧ ಓದಿ ಇಡು, ನಡುವೆ ಬಾಯಿ ಹಾಕೋಕಂತೂ ಆಗಲ್ಲ.

ಡಾಕ್ಟರ್ ಹತ್ರ ನಾನೇ ಮಾತಾಡಿದೆ, ನಿಂಗೆ ಗೊತ್ತಿಲ್ಲ. ನೀನು ತಲೆ ಸುತ್ತಿ ಬಿದ್ದಿದ್ದು ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, ಇಳಿದಿದ್ದಕ್ಕೆ ಅಂದ್ರು. 135ರಿಂದ 145ರ ಒಳಗೆ ಇರಬೇಕಾದ್ದು ನಿಂದು 126 ಇತ್ತಂತೆ. ಮೊದ್ಲು ನಂಗೆ ತಲೆಬುಡ ಅರ್ಥ ಆಗ್ಲಿಲ್ಲ, ನಮ್ಮ ಕಾಲದಲ್ಲಿ ತಲೆ ಸುತ್ತಿ ಬಿದ್ರೆ ಊಟ ಮಾಡಿಲ್ಲ, ಪಿತ್ತ ಆಗಿದೆ ಅಂತಿದ್ರು ಅಷ್ಟೆ. ಅವ್ರು ಬಿಡಿಸಿ ಹೇಳಿದ್ರು: ಉಪ್ಪು ಪೂರ್ತಿ ಬಿಟ್ಟಿದಾಳೆ, ದಿನಕ್ಕೆ ಐದಾರು ಲೀಟರ್ ನೀರು ಕುಡೀತಾಳೆ, ಬೆಳಿಗ್ಗೆ ಎದ್ದು ಹತ್ತು ಹದಿನೈದು ಕಿಲೋಮೀಟರ್ ಓಡಿ ಬೆವರಲ್ಲಿ ಇದ್ದಬದ್ದ ಉಪ್ಪೂ ಕಳ್ಕೊಳ್ತಾಳೆ, ರಕ್ತ ತೆಳ್ಳಗಾಗ್ದೆ ಇನ್ನೇನಾಗತ್ತೆ ಅಂತ. ಹೀಗೇ ಇನ್ನೂ ಇಳಿದ್ರೆ ಮಿದುಳಿಗೆ ನೀರು ಸೇರಿ ಊದ್ಕೊಳ್ಳುತ್ತಂತೆ, ಫಿಟ್ಸ್ ಬರುತ್ತಂತೆ. ನೀರು ಕುಡಿದು ಹೀಗಾಗುತ್ತೆ ಅಂತ ನಾನಂತೂ ಕೇಳಿರ್ಲಿಲ್ಲ. ಎಂಬಿಬಿಎಸ್ ಓದೋ ನಮ್ಮ ಪಕ್ಕದ ಮನೆ ಹುಡುಗನ್ನ ಕೇಳಿದೆ, ಅವ್ನು ಮೊಬೈಲಲ್ಲಿ ತೆಗೆದು ತೋರಿಸ್ದ. 2002ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಲ್ಲಿ ಓಡಿ ಮುಗಿಸಿದವರ ರಕ್ತ ಪರೀಕ್ಷೆ ಮಾಡಿದಾರೆ, 488 ಜನರಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ಕಮ್ಮಿ ಬಂದಿದೆ, ಓಡ್ತಾ ಓಡ್ತಾ ಅತಿಯಾಗಿ ನೀರು ಕುಡಿದವರೇ ಜಾಸ್ತಿ ಸಿಕ್ಕಿಹಾಕ್ಕೊಂಡಿದ್ದು. ಈಗ ತಿಳಿದವರು ಹೇಳೋದು ಇಷ್ಟೇ ಅಂತೆ, ಬಾಯಾರಿದಾಗ ಕುಡಿ. ಇದನ್ನ ನಮ್ಮ ಕೊಟ್ಟಿಗೆಯಲ್ಲಿರೋ ಎಮ್ಮೇನೂ ಮಾಡುತ್ತೆ ಪುಟ್ಟಿ, ನೀರು ಕುಡಿ ಅಂತ ನೆನಪಿಸೋ ಆ್ಯಪ್ ಇಲ್ದೆ.

ಉಪ್ಪು ಕಮ್ಮಿ ಮಾಡು ಅಂತ ಹೇಳೋದು ಸರಿ, ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳ್ತಾರೆ, ಅದು ಒಂದು ಟೀ ಚಮಚ ಆಗುತ್ತೆ. ನಿನ್ನ ಅಮ್ಮ ಸಾರಿಗೆ ಹಾಕೋದು ನೋಡಿದ್ರೆ ನಮ್ಮನೇಲಿ ಅದಕ್ಕಿಂತ ಜಾಸ್ತಿನೇ ಇದೆ, ಒಪ್ಕೋತೀನಿ. ಆದ್ರೆ ಕಮ್ಮಿ ಮಾಡು ಅಂದಿದ್ದನ್ನ ನೀನು ಬಿಟ್ಟೇಬಿಡು ಅಂತ ಓದ್ಕೋತೀಯ. ಓಡು ಅಂದ್ರೆ 21 ಕಿಲೋಮೀಟರ್. ಅನ್ನ ಕಮ್ಮಿ ತಿನ್ನು ಅಂದ್ರೆ ಆರು ತಿಂಗಳಿಂದ ಒಂದಗಳು ಅನ್ನ ಇಲ್ಲ.

ಇದು ಇವತ್ತಿನದಲ್ಲ. ನಂಗೆ ಮೊನ್ನೆಯಿಂದ ಆ ಬಕೆಟ್ಟೇ ತಲೇಲಿ ಕೂತಿದೆ.

ಎಸ್ಸೆಸ್ಸೆಲ್ಸಿ ವರ್ಷ, ಫೆಬ್ರವರಿ ಇರ್ಬೇಕು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಬಂತು ಅಂತ ಪಂಪ್ ಹಾಕೋಕೆ ಎದ್ದೆ, ಜಗುಲೀಲಿ ಲೈಟ್ ಉರೀತಿತ್ತು. ನೀನು ಕುರ್ಚಿ ಮೇಲೆ ಕೂತು ವಿಜ್ಞಾನ ಪುಸ್ತಕ ಹಿಡ್ಕೊಂಡಿದ್ದೆ, ಎರಡೂ ಕಾಲು ಬಾವಿ ನೀರು ತುಂಬಿದ ನೀಲಿ ಬಕೆಟ್ಟಲ್ಲಿ. ನಮ್ಮೂರ ಆ ಹೊತ್ತಿನ ಚಳಿ ನಿಂಗೆ ಹೇಳಬೇಕಾಗಿಲ್ಲ. ಏನೇ ಇದು ಅಂದೆ. ನಿದ್ದೆ ಬರುತ್ತೆ ಅಪ್ಪಯ್ಯ, ಹಿಂಗಿಟ್ಕೊಂಡ್ರೆ ಬರಲ್ಲ ಅಂದೆ. ಪಾದ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ನಾನು ಟಾರ್ಚ್ ಹಿಡ್ಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಆಮೇಲೆ ಪಂಪ್ ಹಾಕೋಕೆ ಹೋದೆ.

ಗಣಿತದ ಪರೀಕ್ಷೆ ದಿನ ನಿಂಗೆ 102 ಜ್ವರ. ಸ್ಕೂಟರಲ್ಲಿ ಹಿಂದೆ ಕೂರಿಸಿ ಅಮ್ಮನ ಶಾಲಲ್ಲಿ ನಿನ್ನನ್ನ ನನ್ನ ಸೊಂಟಕ್ಕೆ ಕಟ್ಕೊಂಡು ಸಾಗರಕ್ಕೆ ಹೋಗಿದ್ದು, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿದ್ದು, ಆದ್ರೂ ಒಳಗೆ ಹೋಗಿ ಬರೆದಿದ್ದು. 625ಕ್ಕೆ 611. ಊರಲ್ಲಿ ಯಾರ ಮನೇಗೆ ಹೋದ್ರೂ ಬಕೆಟ್ ಕಥೆಯೇ. ದೊಡ್ಡಪ್ಪ ತನ್ನ ಮಕ್ಕಳಿಗೆ ಬೈಯೋದು ಅದರಲ್ಲೇ, ನೋಡ್ರೋ ಅವ್ಳು ಬಕೆಟ್ಟಲ್ಲಿ ಕಾಲಿಟ್ಕೊಂಡು ಓದಿದ್ಲು ಅಂತ. ಸನ್ಮಾನದಲ್ಲಿ ಹೆಡ್‌ಮಾಸ್ಟರ್ ಮೈಕಲ್ಲಿ ಹೇಳಿದ್ರು, ಜನ ಚಪ್ಪಾಳೆ ಹೊಡೆದ್ರು. ಈ ಕಥೆ ಊರಿಗೆಲ್ಲ ಹೇಗೆ ಗೊತ್ತಾಯ್ತೋ. ನಾನೇ ಹೇಳ್ಕೊಂಡು ತಿರುಗಿದ್ದು ಅಂತಾಳೆ ನಿನ್ನ ಅಮ್ಮ. ಅವ್ಳು ಏನಾದ್ರೂ ಅಂತಾಳೆ ಬಿಡು.

ಆ ಬಕೆಟ್ ಈಗ್ಲೂ ಇದೆ, ಹಿಡಿ ಮುರಿದಿದೆ, ಕೊಟ್ಟಿಗೇಲಿ ಹಿಂಡಿ ನೆನೆಹಾಕ್ತಾಳೆ ಅಮ್ಮ. ನಿನ್ನೆ ಅದನ್ನ ನೋಡ್ತಿದ್ದಾಗ ಅನ್ನಿಸ್ತು, ಆ ಹುಡುಗಿ ಹನ್ನೊಂದು ಗಂಟೆಗೆ ಪುಸ್ತಕ ಮುಚ್ಚಿ ಮಲಗಿದ್ರೆ, ಜ್ವರ ಬರದೆ, 580 ತೆಗೆದಿದ್ರೆ, ಆಗ ಯಾರು ಮೈಕಲ್ಲಿ ಹೇಳ್ತಿದ್ರು? ಮಿತವಾಗಿ ಇರೋರಿಗೆ ಯಾರೂ ಶಾಲು ಹೊದಿಸಲ್ಲ ಪುಟ್ಟಿ. ಹೊತ್ತಿಗೆ ಸರಿಯಾಗಿ ಮಲಗಿದ್ಲು ಅಂತ ಒಂದು ಸನ್ಮಾನಾನೂ ನಾನು ನೋಡಿಲ್ಲ. ನೀನು ಈಗ ಮಾಡ್ತಿರೋದೂ ಅದೇನೇ ಅಲ್ವಾ, ಆಗ ದೊಡ್ಡಪ್ಪ ಇದ್ದ, ಈಗ ಆ ಓಟದ ಗ್ರೂಪ್ ಇದೆ, ಬೆಳಿಗ್ಗೆ ಐದಕ್ಕೆ ಎಷ್ಟು ಕಿಲೋಮೀಟರ್ ಅಂತ ಹಾಕಿದ್ರೆ ಬೆಂಕಿ ಚಿತ್ರ ಕಳಿಸ್ತಾರೆ. ತಲೆ ಸುತ್ತಿ ಮೆಟ್ರೋ ಮೆಟ್ಟಿಲಲ್ಲಿ ಬಿದ್ದಾಗ ಅವ್ರಲ್ಲಿ ಒಬ್ರಾದ್ರೂ ಇದ್ರಾ? ಬೇಡ, ಇದು ಜಗಳದ ಮಾತಾಯ್ತು, ಬಿಡು.

ಕೆಲಸದ ವಿಷಯಕ್ಕೂ ಇದೇ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನೀನು ಎಷ್ಟು ನಕ್ಕಿದ್ದೆ, ಅಪ್ಪಯ್ಯ ಇವ್ರಿಗೆ ತಲೆ ಕೆಟ್ಟಿದೆ ಅಂದಿದ್ದೆ. ಈಗ ನೀನೇ ಲೆಕ್ಕ ಹಾಕು, ಬೆಳಿಗ್ಗೆ ಹತ್ತಕ್ಕೆ ಕೂತು ರಾತ್ರಿ ಅಮೆರಿಕದ ಕಾಲ್ ಮುಗಿಸೋಷ್ಟರಲ್ಲಿ ಎಷ್ಟಾಯ್ತು? ವಿಶ್ವ ಆರೋಗ್ಯ ಸಂಸ್ಥೆ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎರಡೂ ಸೇರಿ 2021ರಲ್ಲಿ ಒಂದು ವರದಿ ಕೊಟ್ಟಿವೆ, ವಾರಕ್ಕೆ 35-40 ಗಂಟೆ ದುಡಿಯೋರಿಗಿಂತ 55 ಗಂಟೆ ಇಲ್ಲಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ ಸ್ಟ್ರೋಕ್ ಆಗೋ ಸಂಭವ ನೂರಕ್ಕೆ 35ರಷ್ಟು ಹೆಚ್ಚು. ನಾನು ಹೇಳಿದ್ದಲ್ಲ. ಹಾಗಂತ ಸೋಮಾರಿಯಾಗು ಅಂತಲೂ ಅಲ್ಲ, ಸೋಮಾರಿಗಳನ್ನ ನಂಗೂ ಕಂಡ್ರಾಗಲ್ಲ ಅಂತ ನಿಂಗೆ ಗೊತ್ತು.

ಉಪದೇಶ ಮಾಡಲ್ಲ ಅಂತಲೇ ಕೂತಿದ್ದು, ನೋಡು ಏನಾಯ್ತು.

ಇಲ್ಲಿ ಈ ವಾರ ಅಡಿಕೆಗೆ ಬೋರ್ಡೋ ಮದ್ದು ಹೊಡೀತಿದೀವಿ, ಮಳೆ ಹಿಡಿಯೋದ್ರೊಳಗೆ ಮೊದಲನೇ ಸಲದ್ದು ಮುಗೀಬೇಕು, ಇಲ್ದಿದ್ರೆ ಕೊಳೆ ರೋಗ ಗೊನೆನೇ ತಿಂದುಬಿಡುತ್ತೆ. ನೀನು ಕೊಡಿಸಿದ ಫೈಬರ್ ದೋಟಿ, ಆ ಉದ್ದ ಕೋಲು ಇದೆಯಲ್ಲ, ಈ ಸಲ ಯಾರೂ ಮರ ಹತ್ತಿಲ್ಲ, ನೆಲದ ಮೇಲೇ ನಿಂತು ಹೊಡೆದ್ವಿ. ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ ಬಂದವನೇ ಮಗಳು ಕೊಡ್ಸಿದ್ದಾ ಅಂತ ಕೇಳ್ದ. ಹೌದು ಅಂದೆ. ಬೆಲೆನೂ ಹೇಳ್ದೆ, ಅವ್ನು ಕೇಳಿರ್ಲಿಲ್ಲ.

ಮದ್ದು ಕಲಸೋವಾಗ ನೀನೇ ನೆನಪಾದೆ. ನಾಲ್ಕನೇ ಕ್ಲಾಸಲ್ಲಿ ನಿನ್ನ ಕೆಲಸ ಕತ್ತಿ ಅದ್ದಿ ನೋಡೋದು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೇರೆ ಬೇರೆ ಡ್ರಮ್ಮಲ್ಲಿ ಕರಗಿಸಿ ಆಮೇಲೆ ಸೇರಿಸೋದು. ಕತ್ತಿ ಕೆಂಪಾಯ್ತು ಅಪ್ಪಯ್ಯ ಅಂತ ಕೂಗ್ತಿದ್ದೆ, ಅಂದ್ರೆ ತುತ್ತ ಜಾಸ್ತಿ, ಇನ್ನಷ್ಟು ಸುಣ್ಣದ ನೀರು ಹಾಕ್ಬೇಕು. ಒಂದಿನ ನೀನು ಕೇಳಿದೆ, ಎರಡು ಕೆಜಿ ತುತ್ತ ಹಾಕಿದ್ರೆ ರೋಗ ಡಬಲ್ ಬೇಗ ಹೋಗಲ್ವಾ ಅಂತ. ಹಾಕಿದ್ರೆ ಎಳೇ ಕಾಯೇ ಸುಟ್ಟೋಗುತ್ತೆ ಕಣೇ, ಕೊಳೆ ಬರೋಕೆ ಅಲ್ಲಿ ಅಡಿಕೆನೇ ಇರಲ್ಲ ಅಂದಿದ್ದೆ. ಹಾಗಾದ್ರೆ ಸುಣ್ಣ ಎರಡು ಕೆಜಿ ಹಾಕೋಣ ಅಂದೆ ನೀನು. ಹಾಗೆ ಮಾಡಿದ್ರೆ ಮದ್ದಿಗೆ ಕಸುವಿರಲ್ಲ ಅಂದ್ರೆ ಮುಖ ಊದಿಸ್ಕೊಂಡಿದ್ದೆ, ಒಂದೊಂದೇ ಕೆಜಿ ಹಾಕೋದ್ರಲ್ಲಿ ನಿಂಗೆ ಮಜಾನೇ ಇರ್ಲಿಲ್ಲ. ನೀನು ಹುಟ್ಟಿದ್ದೇ ಹಾಗೆ ಕಾಣುತ್ತೆ.

ಆ ಗುಣ ಕೆಟ್ಟದ್ದು ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ, ಅದೇ ಗುಣದಿಂದ ಈ ಊರಿಂದ ಅಲ್ಲೀತನಕ ಹೋದವಳು ನೀನು, ತೋಟದ ಸಾಲ ತೀರಿಸಿದವಳು, ದೋಟಿ ಕೊಡಿಸಿದವಳು. ನಂಗೆ ಹೆದ್ರಿಕೆ ಇರೋದು ಬೇರೆ. ಸಾಕು ಅಂತ ನಿಂಗೆ ಒಳಗಿಂದ ಅನ್ನಿಸಲ್ಲ. ಹೊಟ್ಟೆಗೆ, ಕಾಲಿಗೆ, ಕಣ್ಣಿಗೆ ಸಾಕು ಅನ್ನಿಸಿದ್ರೂ ನೀನು ಕೇಳಿಸ್ಕೊಳ್ಳಲ್ಲ. ಈ ಸಲ ಮೆಟ್ಟಿಲು ಮೂರೇ ಇತ್ತಂತೆ. ನಾನು ರಾತ್ರಿಯೆಲ್ಲಾ ಮೆಟ್ಟಿಲು ಎಣಿಸ್ತಾ ಮಲಗಿದ್ದೆ.

ಊರಿಗೆ ಬಾ ಅಂತ ಹೇಳಲ್ಲ, ಮೊನ್ನೆ ಹೇಳಿದ್ದು ಸಾಕು. ಕೆಲಸ ಬಿಡು ಅಂತಲೂ ಅಲ್ಲ. ಮುಂದಿನ ತಿಂಗಳ ಓಟ ಮಾತ್ರ ಬೇಡ, ಡಾಕ್ಟರ್ ಹೂಂ ಅಂದ್ಮೇಲೆ ಐದು ಕಿಲೋಮೀಟರಿಂದ ಶುರು ಮಾಡು. ಐದನ್ನ ಯಾರೂ ಮೆಚ್ಚಲ್ಲ, ಗ್ರೂಪಿಗೆ ಹಾಕ್ಬೇಡ, ನಂಗೆ ಕಳ್ಸು, ಆ ಬೆಂಕಿ ಚಿತ್ರ ಹಾಕೋದು ಹೇಗೆ ಅಂತ ಪಕ್ಕದ ಮನೆ ಹುಡುಗ ಹೇಳ್ಕೊಟ್ಟಿದಾನೆ. ಮಧ್ಯಾಹ್ನ ಒಂದು ಹಿಡಿ ಅನ್ನ ಉಣ್ಣು, ತಂಬುಳಿ ಮಾಡ್ಕೊಳ್ಳೋಕೆ ಐದು ನಿಮಿಷ ಸಾಕು ಅಂತ ಅಮ್ಮ ಹೇಳ್ತಿದಾಳೆ. ಸೋಡಿಯಂ ಮತ್ತೆ ಟೆಸ್ಟ್ ಮಾಡಿಸಿದ ರಿಪೋರ್ಟ್ ಅವ್ಳಿಗೆ ಕಳಿಸ್ಬೇಡ, ಎಷ್ಟಿದ್ರೂ ಅಳ್ತಾಳೆ, ನಂಗೆ ಕಳ್ಸು.

ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ ಗುರುವಾರ ರಾತ್ರಿ ಬಸ್ಸಲ್ಲಿ ಕೊಟ್ಟು ಕಳಿಸ್ತೀನಿ, ಕಂಡಕ್ಟರ್ ನಂಬರ್ ಮೆಸೇಜ್ ಮಾಡ್ತೀನಿ, ಬೆಳಿಗ್ಗೆ ಆರರ ಹೊತ್ತಿಗೆ ಮೆಜೆಸ್ಟಿಕ್ ಹತ್ರ ಇಸ್ಕೋ. ಊಟಕ್ಕೆ ಒಂದೇ ಮಿಡಿ ಹಾಕ್ಕೋ, ಸೋಡಿಯಂ ಇಳಿದಿದೆ ಅಂತ ಡಬ್ಬಾನೇ ಖಾಲಿ ಮಾಡಿಬಿಟ್ಟೀಯ. ಮತ್ತೆ ಬಸ್‌ಸ್ಟ್ಯಾಂಡಿಗೆ ಓಡ್ಕೊಂಡು ಹೋಗ್ಬೇಡ, ಆಟೋ ಮಾಡ್ಕೋ.

ನಿನ್ನ
ಅಪ್ಪಯ್ಯ